ಒಂದು ಗಂಟೆ ಹೆಚ್ಚು ದುಡಿಮೆ, ಅರ್ಧಕ್ಕಿಂತ ಕಡಿಮೆ ಪುರುಸೊತ್ತು

ದಿನಕ್ಕೆ ಎಂಟು ಗಂಟೆಯೋ, ಒಂಬತ್ತೋ, ಹತ್ತೋ, ಹನ್ನೆರಡೋ? ದುಡಿಮೆಯ ಅವಧಿಯ ಬಗ್ಗೆ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಹಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಇವು ಅಭಿಪ್ರಾಯಗಳು. ಕಾನೂನಿನ ಕಡೆಯಿಂದಲೂ ಸುದ್ದಿಗಳು ಬಂದವು. ಐಟಿ ನೌಕರರನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ದುಡಿಸಲು ಅವಕಾಶ ಕೊಡುವ ಪ್ರಸ್ತಾವ 2024ರ ಜುಲೈನಲ್ಲಿ ರಾಜ್ಯದಲ್ಲಿ ಚರ್ಚೆಗೆ ಬಂತು. 2025ರ ಜೂನ್‌ನಲ್ಲಿ ಹತ್ತು ಗಂಟೆ ದಿನದ ಪ್ರಸ್ತಾವ ಬಂತು. ಅದೇ ವರ್ಷದ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಅವು ದಿನಕ್ಕೆ ಎಂಟು ಗಂಟೆ ಎನ್ನುತ್ತವೆ.

ಇಷ್ಟೆಲ್ಲ ಚರ್ಚೆಯಲ್ಲಿ ಎಣಿಕೆಯಾದದ್ದು ಕೆಲಸದ ಗಂಟೆಗಳು ಮಾತ್ರ. ಉಳಿದ ಗಂಟೆಗಳಲ್ಲಿ ಏನು ನಡೆಯುತ್ತದೆ, ಅವು ಎಷ್ಟು ಉಳಿಯುತ್ತವೆ ಎಂದು ಕೂಡಿಸಿ ಕಳೆದು ನೋಡಿದವರು ಕಡಿಮೆ. ಬೆಳಗಿನ ಕಾಫಿ, ಸಂಜೆಯ ಒಂದು ಸುತ್ತು, ಕಟ್ಟೆಯ ಮೇಲಿನ ಹರಟೆ, ಮಗುವಿನ ಜೊತೆ ಚೌಕಾಬಾರ, ಇವೆಲ್ಲ ನಡೆಯುವುದು ಆ ಉಳಿದ ಹೊತ್ತಿನಲ್ಲೇ.

ಮೊದಲು ಕಾನೂನಿನ ಅಂಕಿಗಳು

ಅಂಗಡಿ, ಐಟಿ ಕಚೇರಿ, ಹೋಟೆಲ್‌ಗಳಿಗೆ ರಾಜ್ಯದಲ್ಲಿ ಅನ್ವಯಿಸುತ್ತ ಬಂದಿರುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಗಂಟೆ ಮೀರಬಾರದು. ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟಬಾರದು. 2025ರ ಪ್ರಸ್ತಾವದಲ್ಲಿ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12 ಗಂಟೆ, ಮೂರು ತಿಂಗಳ ಓವರ್‌ಟೈಮ್ ಮಿತಿ 144 ಗಂಟೆ. ವಾರದ 48 ಗಂಟೆ ಹಾಗೆಯೇ ಉಳಿದಿತ್ತು.

‘ವಾರದ ಮಿತಿ ಬದಲಾಗಿಲ್ಲವಲ್ಲ, ಗಾಬರಿ ಏಕೆ?’ ಎಂಬ ಪ್ರಶ್ನೆ ಇಲ್ಲಿ ಸಹಜ. ಉತ್ತರ ಇರುವುದು 144 ಎಂಬ ಅಂಕಿಯಲ್ಲಿ. ದಿನಕ್ಕೆ 10 ಗಂಟೆಯಂತೆ ಆರು ದಿನ ದುಡಿದರೆ ವಾರಕ್ಕೆ 60 ಗಂಟೆಯಾಗುತ್ತದೆ. ಅದರಲ್ಲಿ 48 ಕಳೆದರೆ 12 ಗಂಟೆ ಓವರ್‌ಟೈಮ್. ಮೂರು ತಿಂಗಳೆಂದರೆ 13 ವಾರ. 144ನ್ನು 12ರಿಂದ ಭಾಗಿಸಿದರೆ 12 ವಾರ. ಅಂದರೆ ಆ ಪ್ರಸ್ತಾವದಂತೆ, ಹದಿಮೂರು ವಾರಗಳ ಪೈಕಿ ಹನ್ನೆರಡು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಗಂಟೆ ದುಡಿಸುವುದು ಕಾನೂನಿನೊಳಗೇ ಬರುತ್ತದೆ. ಹಳೆಯ 50 ಗಂಟೆಯ ಮಿತಿಯಲ್ಲಿ ಇಂಥ ವಾರಗಳು ನಾಲ್ಕಷ್ಟೇ ಸಾಧ್ಯವಿದ್ದವು. ಸರಾಸರಿ ತೆಗೆದರೆ ವಾರದ ಗರಿಷ್ಠ ದುಡಿಮೆ ಸುಮಾರು 52 ಗಂಟೆಯಿಂದ 59 ಗಂಟೆಗೆ ಏರುತ್ತದೆ. ಶೀರ್ಷಿಕೆಗಳಲ್ಲಿ ‘10 ಗಂಟೆ’ ಎಂದು ಬಂದರೂ ಬದುಕನ್ನು ಬದಲಿಸುವ ಅಂಕಿ ಇದು.

ಕೇಂದ್ರದ ಸಂಹಿತೆಯಲ್ಲಿ ದಿನಕ್ಕೆ 8, ವಾರಕ್ಕೆ 48 ಎಂಬ ಚೌಕಟ್ಟು ಇದೆ. ವಾರದ 48 ಗಂಟೆಯನ್ನು ನಾಲ್ಕೇ ದಿನಗಳಲ್ಲಿ, ದಿನಕ್ಕೆ 12 ಗಂಟೆಯಂತೆ ಮುಗಿಸಿ ಮೂರು ದಿನ ರಜೆ ಪಡೆಯುವ ಏರ್ಪಾಡಿಗೂ ಅವಕಾಶವಿದೆ ಎಂದು ಕಾರ್ಮಿಕ ಸಚಿವಾಲಯ ಹೇಳಿದೆ. ಓವರ್‌ಟೈಮ್‌ಗೆ ಕೆಲಸಗಾರರ ಒಪ್ಪಿಗೆ ಬೇಕು, ದುಪ್ಪಟ್ಟು ಕೂಲಿ ಕೊಡಬೇಕು. ಆದರೆ ವ್ಯವಸ್ಥಾಪಕ ಹುದ್ದೆಯಲ್ಲಿರುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಇಲ್ಲಿ ‘ಕೆಲಸಗಾರ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂಬ ಪದ ಸೇರಿಸಿ ಓವರ್‌ಟೈಮ್ ತಪ್ಪಿಸುವ ದಾರಿ ತೆರೆದುಕೊಳ್ಳುವುದು ಇಲ್ಲಿಯೇ.

ಉತ್ಪಾದನೆ ಬೇರೆ, ಉತ್ಪಾದಕತೆ ಬೇರೆ

ದೀರ್ಘ ದುಡಿಮೆಯ ಪರ ವಾದಿಸುವವರು ಹೇಳುವುದು ಹೀಗೆ: ಭಾರತದ ಕೆಲಸದ ಉತ್ಪಾದಕತೆ ಕಡಿಮೆ, ಎರಡನೆಯ ಮಹಾಯುದ್ಧದ ನಂತರ ಜರ್ಮನಿ, ಜಪಾನ್ ಜನ ಹೆಚ್ಚು ಹೊತ್ತು ದುಡಿದು ದೇಶ ಕಟ್ಟಿದರು, ನಾವೂ ಹಾಗೆ ಮಾಡಬೇಕು. ಬಡತನ ಕಂಡ ತಲೆಮಾರಿನ ಕಳಕಳಿ ಈ ವಾದದ ಹಿಂದಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ. ಒಟ್ಟು ಉತ್ಪಾದನೆಯನ್ನು ದುಡಿದ ಗಂಟೆಗಳಿಂದ ಭಾಗಿಸಿದರೆ ಬರುವುದು ಉತ್ಪಾದಕತೆ. ಗಂಟೆ ಹೆಚ್ಚಿಸಿದರೆ ಭಾಜಕವೇ ದೊಡ್ಡದಾಗುತ್ತದೆ. ಆಯಾಸದಿಂದ ಕೊನೆಯ ಗಂಟೆಗಳ ಕೆಲಸ ಮಂದವಾದರೆ ಉತ್ಪಾದಕತೆ ಏರುವ ಬದಲು ಇಳಿಯುತ್ತದೆ. ಅದನ್ನು ಏರಿಸುವುದು ಯಂತ್ರ, ತರಬೇತಿ, ವಿದ್ಯುತ್ತು, ಒಳ್ಳೆಯ ರಸ್ತೆ, ಸರಿಯಾದ ಮೇಲ್ವಿಚಾರಣೆ. ಇಂದಿನ ಜರ್ಮನಿಯಲ್ಲಿ ಒಬ್ಬರು ವರ್ಷಕ್ಕೆ ದುಡಿಯುವುದು ಸರಾಸರಿ 1,340 ಗಂಟೆಗಳ ಆಸುಪಾಸು. ನಮ್ಮ 48 ಗಂಟೆಯ ವಾರವನ್ನು ವರ್ಷಕ್ಕೆ ಹರಡಿದರೆ ರಜೆಗಳನ್ನು ಕಳೆದ ಮೇಲೂ ಎರಡು ಸಾವಿರ ದಾಟುತ್ತದೆ.

ಆಯಾಸದ ಪರಿಣಾಮಕ್ಕೆ ಪುರಾವೆ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದಾಖಲಾದ ಅಂಕಿಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದರು. ವಾರಕ್ಕೆ ಸುಮಾರು 50 ಗಂಟೆಯವರೆಗೆ ಗಂಟೆಗೆ ತಕ್ಕಂತೆ ಉತ್ಪಾದನೆ ಏರಿತ್ತು. ಆಮೇಲೆ ಏರಿಕೆ ಕುಗ್ಗುತ್ತ ಹೋಗಿತ್ತು. 70 ಗಂಟೆ ದುಡಿದಾಗ ಬಂದ ಉತ್ಪಾದನೆಗೂ 56 ಗಂಟೆಯದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಮಿಕ್ಕ 14 ಗಂಟೆ ಹೆಚ್ಚುಕಡಿಮೆ ವ್ಯರ್ಥ. ದೇಹಕ್ಕಂತೂ ಅದು ವ್ಯರ್ಥ ಮಾತ್ರವಲ್ಲ, ಅಪಾಯ. ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಅಂದಾಜಿಸಿದವು. ಮೇಲೆ ಬಂದ 59 ಗಂಟೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಪ್ಪತ್ತನಾಲ್ಕು ಗಂಟೆಯಲ್ಲಿ ಉಳಿಯುವುದೆಷ್ಟು?

ಬೆಂಗಳೂರಿನಲ್ಲಿ ಕಚೇರಿಯಿಂದ 15 ಕಿ.ಮೀ. ದೂರದಲ್ಲಿ ಮನೆ ಇರುವ ಒಬ್ಬ ನೌಕರನ ದಿನವನ್ನು ನಿಮಿಷಗಳಲ್ಲಿ ಬಿಡಿಸೋಣ. 2024ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ನಗರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಹೋಗಿಬರಲು ಹತ್ತಿರ ಹತ್ತಿರ 105 ನಿಮಿಷ ಎಂದಿಟ್ಟುಕೊಳ್ಳಬಹುದು. ನಿದ್ದೆ ಏಳೂವರೆ ಗಂಟೆ, ಅಂದರೆ 450 ನಿಮಿಷ. ಸ್ನಾನ, ಊಟ, ಬಟ್ಟೆಬರೆ 90. ಕಚೇರಿಯ ಊಟದ ಬಿಡುವು 60. ಕೆಲಸ 9 ಗಂಟೆಯಾದರೆ 540. ಒಟ್ಟು 1,245. ದಿನದ 1,440 ನಿಮಿಷದಲ್ಲಿ ಉಳಿದದ್ದು 195. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ಕೈಜೋಡಿಸುವ ಗಂಡಸರು ಅದಕ್ಕೆ ಕೊಡುವ ಸಮಯ ದಿನಕ್ಕೆ 88 ನಿಮಿಷ. ಅದನ್ನೂ ಕಳೆದರೆ 107 ನಿಮಿಷ ಕೈಯಲ್ಲಿರುತ್ತದೆ.

ಈಗ ಕೆಲಸವನ್ನು 10 ಗಂಟೆ ಮಾಡಿ. ಉಳಿಯುವುದು 47 ನಿಮಿಷ.

ಕೆಲಸ ಹೆಚ್ಚಿದ್ದು ಶೇ 11ರಷ್ಟು. ಪುರುಸೊತ್ತು ಕಡಿಮೆಯಾದದ್ದು ಶೇ 56ರಷ್ಟು. ಹೀಗಾಗುವುದಕ್ಕೆ ಕಾರಣ ಸರಳ. ನಿದ್ದೆ, ಪ್ರಯಾಣ, ಊಟ ಯಾವುದೂ ತಮ್ಮ ಪಾಲು ಬಿಟ್ಟುಕೊಡುವುದಿಲ್ಲ. ಹೆಚ್ಚುವರಿ ಗಂಟೆಯ ಪೂರ್ತಿ ಭಾರ ಎಲ್ಲಕ್ಕಿಂತ ಮೆತ್ತಗಿರುವ ತುಂಡಿನ ಮೇಲೆ ಬೀಳುತ್ತದೆ. 12 ಗಂಟೆಯಾದರೆ ಲೆಕ್ಕ ಸೊನ್ನೆಗಿಂತ ಕೆಳಕ್ಕೆ, ಮೈನಸ್ 73ಕ್ಕೆ ಇಳಿಯುತ್ತದೆ. ಆ 73 ನಿಮಿಷ ನಿದ್ದೆಯಿಂದ ಹೋಗುತ್ತದೆ.

ಹೆಂಗಸರ ಲೆಕ್ಕ ಇನ್ನೂ ಬಿಗಿ. ಅದೇ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ 289 ನಿಮಿಷ. ಇದು ಹೊರಗೆ ದುಡಿಯುವವರು, ದುಡಿಯದವರು ಎಲ್ಲರ ಸರಾಸರಿ, ಹಾಗಾಗಿ ಕಚೇರಿಗೆ ಹೋಗುವ ಹೆಣ್ಣುಮಗಳ ಪಾಲು ಇದಕ್ಕಿಂತ ಕಡಿಮೆ ಇರುತ್ತದೆ. ಅದರ ಅರ್ಧ ಎಂದಿಟ್ಟುಕೊಂಡರೂ, 10 ಗಂಟೆ ದುಡಿಮೆಯ ದಿನ ಆಕೆಗೆ ಹತ್ತು ನಿಮಿಷ ಕೊರತೆ. ಸಂಜೆ ಮನೆಗೆ ಬಂದು ಐದು ನಿಮಿಷ ಜಗುಲಿಯಲ್ಲಿ ಕೂರುವುದೂ ನಿದ್ದೆಯಿಂದ ಕಡ ತಂದ ಹೊತ್ತು. ಇಂಥವರಿಗೆ ‘ಚಿಕ್ಕ ಚಿಕ್ಕ ಸಂತೋಷಗಳನ್ನು ಅನುಭವಿಸಿ’ ಎಂದು ಉಪದೇಶ ಮಾಡುವ ಮುನ್ನ ಪಾತ್ರೆ ತೊಳೆಯುವವರು ಯಾರು ಎಂದು ಕೇಳಬೇಕಾಗುತ್ತದೆ.

ವಾರಾಂತ್ಯಕ್ಕೆ ಕೂಡಿಡಬಹುದೇ?

ಉದ್ಯಮಗಳ ಕಡೆಯ ಗಟ್ಟಿ ವಾದ ಇದು: ದಿನಕ್ಕೆ ಹೆಚ್ಚು ದುಡಿದು ವಾರ ಬೇಗ ಮುಗಿಸಿದರೆ ಒಂದು ಪೂರ್ತಿ ದಿನ ಸಿಗುತ್ತದೆ, ಪ್ರಯಾಣವೂ ಉಳಿಯುತ್ತದೆ. ಆರು ದಿನ ದುಡಿಯುವವರಿಗೆ ವಾರ ಐದು ದಿನಕ್ಕೆ ಇಳಿದರೆ ಲಾಭ ನಿಜ. ಹಳ್ಳಿಯಲ್ಲಿ ವಯಸ್ಸಾದ ತಂದೆತಾಯಿ ಇರುವವರಿಗೆ ಮೂರು ದಿನದ ರಜೆ ದೊಡ್ಡ ವರ. ಓವರ್‌ಟೈಮ್ ದುಡ್ಡು ಬೇಕೇಬೇಕು ಎನ್ನುವ ಕಡಿಮೆ ಸಂಬಳದವರೂ ಇದ್ದಾರೆ. ಅವರ ಅಗತ್ಯ ಸುಳ್ಳಲ್ಲ.

ಆದರೆ ದಿನನಿತ್ಯದ ಸಂತೋಷ ದಾಸ್ತಾನು ಮಾಡುವ ವಸ್ತುವಲ್ಲ. ಸಂಜೆ ಮೊಳದ ಲೆಕ್ಕದಲ್ಲಿ ಕೊಂಡ ಮಲ್ಲಿಗೆ ಮೊಗ್ಗು ರಾತ್ರಿ ಅರಳುತ್ತದೆ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಏಳು ದಿನದ ಹೂವನ್ನು ಭಾನುವಾರ ಒಟ್ಟಿಗೆ ಮುಡಿದರೆ ಏಳು ಸಂಜೆಗಳ ಸುಖವಾಗುವುದಿಲ್ಲ. ಮನಶ್ಶಾಸ್ತ್ರದಲ್ಲೂ ಇದೇ ಕಂಡುಬಂದಿದೆ. ಒಬ್ಬರು ಒಟ್ಟಾರೆ ಎಷ್ಟು ಸುಖವಾಗಿದ್ದಾರೆ ಎಂಬುದು ಖುಷಿಯ ತೀವ್ರತೆಗಿಂತ ಅದು ಎಷ್ಟು ಸಲ ಬರುತ್ತದೆ ಎಂಬುದರ ಮೇಲೆ ಹೆಚ್ಚು ನಿಂತಿದೆ ಎಂದು ಎಡ್ ಡೀನರ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಮನಸ್ಸು ಯಾವ ದೊಡ್ಡ ಖುಷಿಗಾದರೂ ಬೇಗ ಒಗ್ಗಿಹೋಗುತ್ತದೆ. ಚಿಕ್ಕದು, ಆಗಾಗ ಬರುವುದು, ಪ್ರತಿ ಸಲ ಸ್ವಲ್ಪ ಬೇರೆಯಾಗಿರುವುದು ಹಳತಾಗುವುದಿಲ್ಲ.

ಇನ್ನೊಂದು ಪ್ರಾಯೋಗಿಕ ತೊಂದರೆಯೂ ಇದೆ. 12 ಗಂಟೆಯ ನಾಲ್ಕು ದಿನಗಳಲ್ಲಿ, ಮೇಲಿನ ಲೆಕ್ಕದಂತೆ, ಒಟ್ಟು 292 ನಿಮಿಷ ನಿದ್ದೆ ಬಾಕಿ ಬೀಳುತ್ತದೆ. ಐದನೆಯ ದಿನದ ಬೆಳಗು ಆ ಸಾಲ ತೀರಿಸುವುದರಲ್ಲೇ ಹೋಗುತ್ತದೆ. ಮಧ್ಯಾಹ್ನ ವಾರದ ಬಟ್ಟೆ, ದಿನಸಿ, ಬ್ಯಾಂಕು.

ಐಸ್‌ಲ್ಯಾಂಡ್ ಪ್ರಯೋಗ ಮಾಡಿದ್ದು ಬೇರೆ ದಾರಿಯನ್ನು. 2015ರಿಂದ 2019ರವರೆಗೆ 2,500ಕ್ಕೂ ಹೆಚ್ಚು ನೌಕರರ ವಾರವನ್ನು 40 ಗಂಟೆಯಿಂದ 35–36 ಗಂಟೆಗೆ ಇಳಿಸಿದರು, ಸಂಬಳ ಕಡಿತವಿಲ್ಲದೆ. ಬಹುಪಾಲು ಕಡೆ ಕೆಲಸ ಕುಂದಲಿಲ್ಲ. ಸಭೆಗಳನ್ನು ಮೊಟಕುಗೊಳಿಸಿದ್ದು, ಅನಗತ್ಯ ಹಂತಗಳನ್ನು ತೆಗೆದದ್ದು ಅಲ್ಲಿ ನೆರವಾಯಿತು. ಕೋಟಿಗಟ್ಟಲೆ ಅಸಂಘಟಿತ ಕಾರ್ಮಿಕರಿರುವ ನಮ್ಮ ದೇಶಕ್ಕೆ ಅದನ್ನು ಹಾಗೆಯೇ ಎತ್ತಿ ತರಲಾಗದು, ನಿಜ. ಆದರೆ ಗಂಟೆ ಕಡಿಮೆಯಾದರೆ ಕೆಲಸ ಕೆಡುತ್ತದೆ ಎಂಬ ಭಯಕ್ಕೆ ಅದು ಉತ್ತರ.

‘ಕಾಯಕವೇ ಕೈಲಾಸ’ ಎಂದರೆ?

ಈ ಚರ್ಚೆ ಬಂದಾಗಲೆಲ್ಲ ಕನ್ನಡದಲ್ಲಿ ಈ ಮಾತು ಕೇಳಿಬರುತ್ತದೆ. ಬಿಡುವಿಲ್ಲದೆ ದುಡಿ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಆದರೆ ಈ ಮಾತು ಬರುವುದು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅವನದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು. ಕಾಯಕದ ಕಲ್ಪನೆಯೊಳಗೇ ‘ಸಾಕು’ ಎಂಬ ಗೆರೆ ಇತ್ತು. ಮಾರಯ್ಯನನ್ನು ನೆನೆಯುವವರು ಲಕ್ಕಮ್ಮನನ್ನೂ ನೆನೆಯಬೇಕು.

ಹೊತ್ತು ಸಿಕ್ಕರೂ ಸುಖ ಸಿಗದಿರುವುದೇಕೆ

ಕಾನೂನು ಒಳ್ಳೆಯದೇ ಬಂತು, 107 ನಿಮಿಷ ಉಳಿಯಿತು ಎನ್ನೋಣ. ಆಗಲೂ ಆ ಹೊತ್ತು ರುಚಿಯಿಲ್ಲದೆ ಜಾರಿಹೋಗಬಹುದು. ಉತ್ಪಾದಕತೆಯ ಗೀಳು ಬಿಡುವಿನೊಳಕ್ಕೂ ನುಗ್ಗುವುದೇ ಇದಕ್ಕೆ ಕಾರಣ.

ಒಂದು, ಎಣಿಕೆ. ನಡಿಗೆ, ಓದು, ಚಿತ್ರಕ್ಕೆ ಬಣ್ಣ ತುಂಬುವುದು ಮುಂತಾದ ಹವ್ಯಾಸಗಳನ್ನು ಅಳೆಯತೊಡಗಿದಾಗ ಜನ ಅದನ್ನು ಹೆಚ್ಚು ಮಾಡುತ್ತಾರೆ, ಆದರೆ ಅದರಲ್ಲಿ ಸಿಗುವ ಖುಷಿ ಕಡಿಮೆಯಾಗುತ್ತದೆ ಎಂದು ಸಂಶೋಧಕಿ ಜೋರ್ಡನ್ ಎಟ್ಕಿನ್ 2016ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಹತ್ತು ಸಾವಿರ ಹೆಜ್ಜೆಯ ಗುರಿ ಇಟ್ಟುಕೊಂಡವರ ಕಣ್ಣು ಕೈಗಡಿಯಾರದ ಮೇಲಿರುತ್ತದೆ, ದಾರಿಯ ಹೊಂಗೆ ಮರ ಹೂಬಿಟ್ಟದ್ದು ಕಾಣುವುದಿಲ್ಲ. ವೈದ್ಯರು ಹೇಳಿದ ನಡಿಗೆಯನ್ನು ಎಣಿಸಲಿ. ಸಂಜೆಯ ಸುತ್ತಾಟಕ್ಕೆ ಕೈಗಡಿಯಾರ ಮನೆಯಲ್ಲೇ ಇರಲಿ. ಅದೇ ವರ್ಷದ ಇನ್ನೊಂದು ಅಧ್ಯಯನ ಗೇಬ್ರಿಯೆಲಾ ಟೊನಿಯೆಟ್ಟೊ ಮತ್ತು ಸೆಲಿನ್ ಮಾಲ್ಕೊಕ್ ಅವರದು. ಬಿಡುವನ್ನು ಗಂಟೆ ನಿಮಿಷ ಗೊತ್ತುಮಾಡಿ ವೇಳಾಪಟ್ಟಿಗೆ ಹಾಕಿದರೆ ಅದು ಕೆಲಸದಂತೆ ಭಾಸವಾಗುತ್ತದೆ. ‘ಊಟದ ನಂತರ ಸಿಗೋಣ’ ಎಂದು ಸಡಿಲವಾಗಿ ಹೇಳಿಕೊಂಡರೆ ಹಾಗಾಗುವುದಿಲ್ಲ. ‘6.15ಕ್ಕೆ ಕಟ್ಟೆ ಹತ್ತಿರ’ ಎನ್ನುವುದಕ್ಕಿಂತ ‘ಬಿಸಿಲು ತಗ್ಗಿದ ಮೇಲೆ’ ಎನ್ನುವುದು ಮೇಲು.

ಎರಡು, ಕೆಲಸದ ಉಳಿಕೆ. ಅರ್ಧಕ್ಕೆ ನಿಂತ ಕೆಲಸದಿಂದ ಎದ್ದು ಬಂದಾಗ ಗಮನದ ಒಂದು ಪಾಲು ಅಲ್ಲೇ ಉಳಿದುಬಿಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಗುರುತಿಸಿದರು. ಇದಕ್ಕೆ ಪರಿಹಾರ ಚಿಕ್ಕದು, ಆದರೆ ಕೆಲಸ ಮಾಡುತ್ತದೆ. ಹೊರಡುವ ಐದು ನಿಮಿಷ ಮೊದಲು ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಬೇಕು: ಕೆಲಸ ಎಲ್ಲಿಗೆ ನಿಂತಿದೆ, ನಾಳೆ ಮೊದಲು ಮಾಡಬೇಕಾದದ್ದೇನು. ‘ವರದಿ ಮುಗಿಸಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ, ಮನಸ್ಸು ಅದನ್ನೇ ಮತ್ತೆ ಬಿಡಿಸುತ್ತ ಕೂರುತ್ತದೆ. ‘ಮೂರನೇ ಕೋಷ್ಟಕದ ಮೊತ್ತ ತಾಳೆ ನೋಡುವುದು’ ಎಂದು ಬರೆದರೆ ಬಿಟ್ಟುಕೊಡುತ್ತದೆ.

ಅವಸರವಿಲ್ಲದೆ ಕಾಯುವುದನ್ನು ಕಲಿಸುವ, ಮನೆಯಲ್ಲೇ ಇರುವ ಒಂದು ಪಾಠಶಾಲೆ ಕಾಫಿ ಫಿಲ್ಟರ್. ಇಬ್ಬರಿಗೆ 25–30 ಗ್ರಾಂ ಪುಡಿ. ಕುದಿ ಬಂದು ಅರ್ಧ ನಿಮಿಷ ಆರಿದ 150 ಮಿ.ಲೀ. ನೀರು. ಪುಡಿಯನ್ನು ಸಮ ಮಾಡಿ, ತೂತಿನ ತಟ್ಟೆಯಿಂದ ಹಗುರವಾಗಿ ಒತ್ತಿ, ಮೊದಲು ಪುಡಿ ನೆನೆಯುವಷ್ಟು ಮಾತ್ರ ನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯಬೇಕು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರು ಹಿಡಿದುಕೊಳ್ಳುವುದರಿಂದ ಕೆಳಗಿಳಿಯುವುದು 90–100 ಮಿ.ಲೀ. ಡಿಕಾಕ್ಷನ್. ಅದಕ್ಕೆ ಎರಡರಷ್ಟು ಹಾಲು. ಜೋರಾಗಿ ಒತ್ತಿದರೆ, ಇಲ್ಲವೇ ಪುಡಿ ತೀರಾ ನುಣ್ಣಗಿದ್ದರೆ ಇಳಿಯುವುದೇ ಇಲ್ಲ. ಒತ್ತದೆ ಬಿಟ್ಟರೆ ಎರಡೇ ನಿಮಿಷದಲ್ಲಿ ಇಳಿದು ತಿಳಿನೀರಾಗುತ್ತದೆ. ಸರಿಯಾಗಿ ಮಾಡಿದರೆ 15–20 ನಿಮಿಷ ಬೇಕು, ಅದನ್ನು ಯಾರೂ ಬೇಗ ಮಾಡಿಸಲಾಗದು. ಆ ಹೊತ್ತಿನಲ್ಲಿ ಆಫೀಸಿನ ಗುಂಪಿನ ಸಂದೇಶ ತೆರೆದರೆ ಗಮನ ಅಲ್ಲಿಗೆ ಹೋಯಿತು; ಲೋಟ ಖಾಲಿಯಾದದ್ದೂ ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತು ರಸ್ತೆ ನೋಡಿದರೆ ಸಾಕು, ಘಮ ಬರುವ ಮೊದಲೇ ಕಾಫಿಯ ಸುಖ ಶುರುವಾಗಿರುತ್ತದೆ.

ದಿನಕ್ಕೆ ಆರು ಸಲ ಕುಡಿದರೆ ಆ ಸುಖವೂ ಮೊಂಡಾಗುತ್ತದೆ. ಒಂದು ವಾರ ಚಾಕೊಲೇಟ್ ಬಿಟ್ಟವರು ಮತ್ತೆ ತಿಂದಾಗ, ಮನಸೋಇಚ್ಛೆ ತಿಂದವರಿಗಿಂತ ಹೆಚ್ಚು ಸವಿದರು ಎಂದು ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ 2013ರಲ್ಲಿ ದಾಖಲಿಸಿದ್ದಾರೆ.

ಬಿಡುವನ್ನು ಇಂಧನ ಎನ್ನುವ ಅಪಾಯ

‘ವಿಶ್ರಾಂತಿ ಕೊಡಿ, ನಾಳೆ ಚೆನ್ನಾಗಿ ದುಡಿಯುತ್ತಾರೆ’ ಎಂಬುದು ದೀರ್ಘ ದುಡಿಮೆಯನ್ನು ವಿರೋಧಿಸುವವರದೇ ಜನಪ್ರಿಯ ವಾದ. ಕಂಪನಿಗಳು ಧ್ಯಾನದ ಆ್ಯಪ್ ಕೊಡಿಸುವುದೂ ಈ ತರ್ಕದಿಂದ. ಅದು ಸುಳ್ಳಲ್ಲ, ಆದರೆ ಬಿಡುವಿನ ಹಕ್ಕನ್ನು ಅದರ ಮೇಲೆ ನಿಲ್ಲಿಸುವುದು ಅಪಾಯ. ನಾಳೆ ಯಾರಾದರೂ ಸಂಜೆಯ ಸುತ್ತಾಟದಿಂದ ಲಾಭ ಒಂದು ರೂಪಾಯಿಯೂ ಹೆಚ್ಚುವುದಿಲ್ಲ ಎಂದು ತೋರಿಸಿದರೆ, ಸುತ್ತಾಟ ನಿಲ್ಲಿಸಬೇಕೆ? ಮಗುವಿನ ಜೊತೆ ಕವಡೆ ಎಸೆಯುವುದು ಸೋಮವಾರದ ಕೆಲಸಕ್ಕೆ ತಯಾರಿ ಅಲ್ಲ. ದುಡಿಯುವುದೇ ಅದಕ್ಕಾಗಿ.

ಮುಂದೆ ಏನಾಗಬಹುದು

ಕೆಲಸದ ಹೊತ್ತು ಮುಗಿದ ಮೇಲೆ ಕರೆಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಲ್ಲಿ ಜಾರಿಗೆ ತಂದವು. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ 2025ರ ಡಿಸೆಂಬರ್‌ನಲ್ಲಿ ಇಂಥದ್ದೇ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಮಂಡಿಸಿದರು. ಖಾಸಗಿ ಮಸೂದೆಯೊಂದು ಸಂಸತ್ತಿನಲ್ಲಿ ಕೊನೆಯ ಬಾರಿ ಅಂಗೀಕಾರವಾದದ್ದು 1970ರಲ್ಲಿ, ಹಾಗಾಗಿ ಬೇಗ ಏನಾದರೂ ಆದೀತೆಂದು ನೆಚ್ಚುವಂತಿಲ್ಲ. ಆ್ಯಪ್ ಮೂಲಕ ಊಟ, ಸಾಮಾನು ತಲುಪಿಸುವವರಿಗೆ ರಾಜ್ಯ 2025ರಲ್ಲಿ ಕಾಯ್ದೆ ಮಾಡಿದೆ. ಅದು ಮುಖ್ಯವಾಗಿ ಸಾಮಾಜಿಕ ಭದ್ರತೆಯದು. ಆರ್ಡರ್ ಲೆಕ್ಕದಲ್ಲಿ ದುಡ್ಡು ಬರುವವರೆಗೆ ಅವರ ದಿನಕ್ಕೆ ಕೊನೆಯೆಂಬುದಿಲ್ಲ, ಹತ್ತು ಗಂಟೆ ಹನ್ನೆರಡು ಗಂಟೆಯ ಈ ಚರ್ಚೆಯೇ ಅವರನ್ನು ಮುಟ್ಟುವುದಿಲ್ಲ.

ನಗರಾಡಳಿತದ ಚಿಕ್ಕ ತೀರ್ಮಾನಗಳಿಗೂ ಬೆಲೆಯಿದೆ. 2024ರಲ್ಲಿ ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿದ್ದು ಅಂಥದ್ದು. ಎಂಟು ಗಂಟೆಗೆ ಕೆಲಸ ಬಿಟ್ಟವರಿಗೂ ಕೂರಲು ಒಂದು ಕಲ್ಲುಬೆಂಚು ಸಿಗುತ್ತದೆ.

ದುಡಿಮೆಯ ಅವಧಿಯ ಬಗ್ಗೆ ಮುಂದೆ ಯಾವುದೇ ಅಧಿಸೂಚನೆ ಬಂದರೂ ದಿನದ ಗಂಟೆಯ ಸಾಲಿಗೆ ನಿಲ್ಲದೆ ಕೆಳಗೆ ಓದಬೇಕು. ಮೂರು ತಿಂಗಳ ಓವರ್‌ಟೈಮ್ ಮಿತಿ ಎಷ್ಟು? ಅದಕ್ಕೆ ಒಪ್ಪಿಗೆಯನ್ನು ಪ್ರತಿ ಸಲ ಬರಹದಲ್ಲಿ ಕೇಳುತ್ತಾರೋ, ಸೇರುವಾಗಲೇ ಒಂದು ಸಹಿ ಹಾಕಿಸಿ ಮುಗಿಸುತ್ತಾರೋ? ದಿನ ಉದ್ದವಾದರೆ ಅದಕ್ಕೆ ಬದಲು ಸಿಗಬೇಕಾದ ರಜೆಯ ದಿನವನ್ನು ಹೆಸರಿಟ್ಟು ಬರೆದಿದ್ದಾರೋ? ರಜೆಯ ಸಾಲು ಇಲ್ಲದೆ ಹತ್ತು ಗಂಟೆಯ ಸಾಲು ಮಾತ್ರ ಇದ್ದರೆ, ಕಳೆಯಬೇಕಾದ ಆ 60 ನಿಮಿಷ ಯಾರ ಸಂಜೆಯಿಂದ ಹೋಗುತ್ತದೆ ಎಂಬುದು ಅಲ್ಲಿಗೇ ತೀರ್ಮಾನವಾದಂತೆ.